ರಾತ್ರಿ ಮಾತ್ರ ಕೇಳುವ ರೈಲು: ಯಾಕೆ ಹೀಗೆ?

ಕಡಲಂಚಿನ ಮನೆ (ಗೋಕರ್ಣ ಕಡೆ)

ಬಹಳ ದಿನದಿಂದ ತಲೆ ತಿನ್ನುತ್ತಿರುವ ಪ್ರಶ್ನೆ. ಗೊತ್ತಿದ್ದವರು ಹೇಳಿ.

ನಮ್ಮ ಮನೆಯಿಂದ ಕಡಲು ಅರ್ಧ ಕಿಲೋಮೀಟರ್ ಕೂಡ ಇಲ್ಲ. ರೈಲು ಹಳಿ ಇರುವುದು ಪೂರ್ವಕ್ಕೆ, ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಸುಮಾರು 6 ಕಿಲೋಮೀಟರ್. ಮಧ್ಯೆ ತೆಂಗಿನ ತೋಟ, ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ), ಒಂದು ಸಣ್ಣ ಗುಡ್ಡ. ಹಗಲಲ್ಲಿ ರೈಲಿನ ಸದ್ದು ನಾನು ಒಮ್ಮೆಯೂ ಕೇಳಿಲ್ಲ. ಆದರೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ರಾತ್ರಿ ಎರಡು ಗಂಟೆಗೆ ಎಚ್ಚರಾದರೆ ಕೊಟ್ಟಿಗೆಯ ಹಿಂದೆಯೇ ಹಾರ್ನ್ ಹೊಡೆದ ಹಾಗೆ ಕೇಳುತ್ತದೆ. ಹಾರ್ನ್ ಒಂದೇ ಅಲ್ಲ, ಗಾಲಿಯ ಗಡಗಡ ಕೂಡ. ಮಳೆಗಾಲದಲ್ಲಿ ಏನೂ ಇಲ್ಲ.

ನಮ್ಮ ಆಯಿ ಇದನ್ನು ಬೇರೆಯೇ ರೀತಿ ಹೇಳುತ್ತಾಳೆ. ಗಾಡಿ ಹತ್ತಿರ ಕೂಗಿದರೆ ಬೆಳಿಗ್ಗೆ ಇಬ್ಬನಿ ಜೋರಂತೆ. ನಾನು ಗಮನಿಸಿದ ಮಟ್ಟಿಗೆ ಅದು ಸುಳ್ಳಾಗಿದ್ದು ಕಡಿಮೆ. ಇಬ್ಬನಿಗೂ ರೈಲಿಗೂ ಏನು ಸಂಬಂಧ?

ಶಿರಸಿ ಕಡೆಯವ

ಇದರಲ್ಲಿ ಏನಿದೆ ಮಾರಾಯ್ರೇ. ರಾತ್ರಿ ಊರು ಮಲಗಿರುತ್ತದೆ. ಬೈಕ್ ಇಲ್ಲ, ಮಿಕ್ಸಿ ಇಲ್ಲ, ಟೀವಿ ಇಲ್ಲ. ಹಗಲೂ ಅದೇ ಸದ್ದು ಬಂದಿರುತ್ತದೆ, ಗಲಾಟೆಯಲ್ಲಿ ನಿಮಗೆ ಕೇಳಿರುವುದಿಲ್ಲ. ಅಷ್ಟೇ.

ಕಡಲಂಚಿನ ಮನೆ

ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಮೋಡ ಕವಿದ ರಾತ್ರಿಯೂ ಊರು ಮಲಗಿಯೇ ಇರುತ್ತದಲ್ವಾ? ಆಗ ಕೇಳುವುದಿಲ್ಲ. ಮಳೆ ಬರದಿದ್ದರೂ ಕೇಳುವುದಿಲ್ಲ.

ಅಂಕೋಲೆಯವ, ಈಗ ಬೆಂಗಳೂರು

ಗಾಳಿ ಹೊತ್ತು ತರುತ್ತದೆ. ರಾತ್ರಿ ನೆಲದಿಂದ ಕಡಲಿಗೆ ಗಾಳಿ, ಹಗಲು ಕಡಲಿನಿಂದ ನೆಲಕ್ಕೆ. ನಿಮ್ಮ ಹಳಿ ಪೂರ್ವಕ್ಕಿದೆ. ಲೆಕ್ಕ ಸರಿಯಾಯಿತು.

ನಿವೃತ್ತ ಮಾಸ್ತರ (ಕಾರವಾರ)

ಮೂವರೂ ಸ್ವಲ್ಪ ಸ್ವಲ್ಪ ಸರಿ. ಆದರೆ ಮುಖ್ಯ ಸಂಗತಿಯನ್ನು ಹೇಳಿದ್ದು ಆಯಿ ಒಬ್ಬರೇ. ಇಬ್ಬನಿ ಬಿಡಬೇಡಿ, ಅಲ್ಲಿಗೇ ಬರುತ್ತೇನೆ. 34 ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದವನು, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ಸದ್ದಿಗೆ ವೇಗ ಇದೆ ಅನ್ನುವುದು ಕಣ್ಣಿಗೆ ಕಾಣಬೇಕು. ನಾನು ಸಣ್ಣವನಿದ್ದಾಗ ಅಘನಾಶಿನಿಯ ದಂಡೆಯಲ್ಲಿ ಕುಳಿತು ಆಚೆ ದಡದ ಗಜನಿ ಕಟ್ಟೆಗೆ ಒಬ್ಬರು ಗೂಟ ಹೊಡೆಯುವುದನ್ನು ನೋಡುತ್ತಿದ್ದೆ. ಕೊಡತಿ ಗೂಟಕ್ಕೆ ಬಡಿಯುವಾಗ ಸದ್ದೇ ಇಲ್ಲ. ಕೊಡತಿ ತಲೆಯ ಮೇಲೆ ಹೋದಾಗ 'ಟಣ್' ಅನ್ನುತ್ತಿತ್ತು. ಗಾಳಿಗೆ ಹೊಡೆದರೆ ಸದ್ದು ಬರುತ್ತದೆ, ಗೂಟಕ್ಕೆ ಹೊಡೆದರೆ ಬರುವುದಿಲ್ಲ! ಎಷ್ಟೋ ಹೊತ್ತು ಬಾಯಿ ಬಿಟ್ಟುಕೊಂಡು ನೋಡಿದ್ದೇನೆ. ಎರಡು ಸೆಕೆಂಡಿಗೆ ಒಂದು ಪೆಟ್ಟು ಅಂದುಕೊಳ್ಳಿ. ಕೊಡತಿ ಮೇಲೆ ಮುಟ್ಟುವುದು ಒಂದು ಸೆಕೆಂಡಿಗೆ. ಅಂದರೆ ಆ ಮನುಷ್ಯ ನನ್ನಿಂದ ಸುಮಾರು 340 ಮೀಟರ್ ದೂರ.

ಈ 340 ಯಾವಾಗಲೂ 340 ಅಲ್ಲ. ಗಾಳಿ 0 ಡಿಗ್ರಿ ಇದ್ದರೆ ಸೆಕೆಂಡಿಗೆ 331 ಮೀಟರ್. 20 ಡಿಗ್ರಿಗೆ 343. 30 ಡಿಗ್ರಿಗೆ 349. ಒಂದೊಂದು ಡಿಗ್ರಿಗೆ ಸುಮಾರು 0.6 ಮೀಟರ್ ಏರುತ್ತದೆ. ಬಿಸಿಗಾಳಿಯಲ್ಲಿ ಸದ್ದು ಚುರುಕು, ತಂಪುಗಾಳಿಯಲ್ಲಿ ನಿಧಾನ. ಇಷ್ಟು ನೆನಪಿಟ್ಟುಕೊಳ್ಳಿ.

ಈಗ ಎತ್ತಿನಗಾಡಿ. ನೊಗಕ್ಕೆ ಎರಡು ಎತ್ತು. ಎಡದ ಎತ್ತು ನಿಧಾನ ಮಾಡಿದರೆ ಗಾಡಿ ಯಾವ ಕಡೆಗೆ ತಿರುಗುತ್ತದೆ? ಎಡಕ್ಕೆ. ಯಾವಾಗಲೂ ನಿಧಾನದ ಎತ್ತಿನ ಕಡೆಗೆ. ಅಲೆಯೂ ಹಾಗೇ. ಸದ್ದಿನ ಅಲೆ ಬರುವುದು ಒಂದು ಗೆರೆಯಾಗಿ ಅಲ್ಲ, ಎತ್ತರದ ಒಂದು ಗೋಡೆಯಂತೆ ಬರುತ್ತದೆ. ಗೋಡೆಯ ಬುಡ ಒಂದು ಎತ್ತು, ತುದಿ ಇನ್ನೊಂದು.

ಹಗಲು ನೆಲ ಕಾಯುತ್ತದೆ. ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು. ನಿಧಾನದ ಎತ್ತು ಮೇಲೆ. ಸದ್ದು ಆಕಾಶದ ಕಡೆಗೆ ತಿರುಗಿ ನಿಮ್ಮ ತಲೆಯ ಮೇಲಿನಿಂದ ಹಾರಿಹೋಗುತ್ತದೆ. ನೀವು ಸದ್ದಿನ ನೆರಳಲ್ಲಿ ನಿಂತಿರುತ್ತೀರಿ. ಚಳಿಗಾಲದ ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲ ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಬಿಟ್ಟು ಬೇಗ ತಣ್ಣಗಾಗುತ್ತದೆ. ಆಗ ಬುಡದ ಗಾಳಿ ತಂಪು, ಮೇಲಿನದು ಬೆಚ್ಚಗೆ. ನಿಧಾನದ ಎತ್ತು ಕೆಳಗೆ ಬಂತು. ಮೇಲೆ ಹೋಗುತ್ತಿದ್ದ ಸದ್ದು ಬಾಗಿ ನೆಲಕ್ಕೆ ಇಳಿಯುತ್ತದೆ.

ನೆಲ ಹಾಗೆ ತಣ್ಣಗಾದ ರಾತ್ರಿಯೇ ಇಬ್ಬನಿ ಬೀಳುವುದು. ಮೋಡ ಇದ್ದರೆ ಅದು ಕಂಬಳಿ ಹೊದೆಸಿದ ಹಾಗೆ, ನೆಲ ತಣಿಯುವುದಿಲ್ಲ. ಇಬ್ಬನಿಯೂ ಇಲ್ಲ, ರೈಲೂ ಇಲ್ಲ. ಆಯಿ ಎರಡನ್ನೂ ಕಟ್ಟಿ ಒಂದೇ ಮಾತಲ್ಲಿ ಹೇಳಿದ್ದಾರೆ.

ಶಿರಸಿ ಕಡೆಯವ

ಮಾಸ್ತರ್ರೇ, ಐದು ಡಿಗ್ರಿ ವ್ಯತ್ಯಾಸ ಅಂದರೆ 3 ಮೀಟರ್ ವೇಗ ಹೆಚ್ಚುಕಡಿಮೆ. 340ರಲ್ಲಿ 3. ನೂರಕ್ಕೆ ಒಂದೂ ಇಲ್ಲ. ಇಷ್ಟಕ್ಕೆ 6 ಕಿಲೋಮೀಟರ್ ಆಚೆಯ ಸದ್ದು ಮನೆಗೆ ಬರುತ್ತದೆ ಅಂದರೆ ನಂಬುವುದು ಕಷ್ಟ.

ನಿವೃತ್ತ ಮಾಸ್ತರ

ಒಳ್ಳೆಯ ತಕರಾರು. ಲೆಕ್ಕ ಹಾಕೋಣ. 100 ಮೀಟರ್ ಎತ್ತರದೊಳಗೆ 5 ಡಿಗ್ರಿ ವ್ಯತ್ಯಾಸ ಇದೆ ಅಂದುಕೊಳ್ಳಿ. ಆಗ ಸದ್ದು ಬಾಗುವ ವೃತ್ತದ ತ್ರಿಜ್ಯ 11 ಕಿಲೋಮೀಟರ್ ಆಸುಪಾಸು ಬರುತ್ತದೆ. ಬಹಳ ನಿಧಾನದ ಬಾಗು, ಕಣ್ಣಿಗೆ ನೆಟ್ಟಗೇ ಕಾಣುತ್ತದೆ. ಆದರೆ ದೂರ ಇದೆಯಲ್ಲ. ಹಳಿಯಿಂದ ಓರೆಯಾಗಿ ಹೊರಟ ಸದ್ದು 100 ಮೀಟರ್ ಮೇಲೇರಿ, ಬಾಗಿ, ಸುಮಾರು 3 ಕಿಲೋಮೀಟರ್ ಆಚೆ ಮತ್ತೆ ನೆಲ ಮುಟ್ಟುತ್ತದೆ. ಅಲ್ಲಿ ಪುಟಿದು ಇನ್ನೊಂದು 3 ಕಿಲೋಮೀಟರ್. ನೀರಿನ ಮೇಲೆ ಚಪ್ಪಟೆ ಕಲ್ಲು ಕುಪ್ಪಳಿಸಿದ ಹಾಗೆ. ಎರಡು ಕುಪ್ಪಳಕ್ಕೆ 6 ಕಿಲೋಮೀಟರ್ ಆಯಿತು. ನಡುವೆ ಪುಟಿಯುವ ಜಾಗದಲ್ಲಿ ಗಜನಿಯ ನೀರು ಇದ್ದರೆ ಇನ್ನೂ ಒಳ್ಳೆಯದು, ನೀರು ಸದ್ದನ್ನು ನುಂಗುವುದು ಕಡಿಮೆ.

ನಿಜವಾದ ಗಾಳಿ ಹೀಗೆ ಅಳತೆ ಹಿಡಿದು ನಿಂತಿರುವುದಿಲ್ಲ. ಲೆಕ್ಕಕ್ಕೆ ಮಾತ್ರ ಇದು.

ಅಂಕೋಲೆಯವರ ಗಾಳಿಯ ಮಾತಿಗೆ ಬರುತ್ತೇನೆ. ಗಾಳಿ ಸದ್ದನ್ನು 'ಹೊತ್ತು ತರುವುದು' ಅನ್ನುವುದು ಪೂರ್ತಿ ಸರಿಯಲ್ಲ. ಸೆಕೆಂಡಿಗೆ 4 ಮೀಟರ್ ಬೀಸುವ ಗಾಳಿ 340ಕ್ಕೆ ಏನು ಹೊತ್ತೀತು? ಅಸಲು ಕೆಲಸ ಇಲ್ಲೂ ಎತ್ತಿನದೇ. ನೆಲದ ಹತ್ತಿರ ಮರ, ಮನೆ, ಗದ್ದೆಯ ಬದುಗಳಿಗೆ ತಾಗಿ ಗಾಳಿ ನಿಧಾನ. ಮೇಲೆ ಜೋರು. ಗಾಳಿಯ ಜೊತೆ ಹೋಗುವ ಸದ್ದಿಗೆ ತುದಿ ಚುರುಕು, ಬುಡ ನಿಧಾನ, ಆದ್ದರಿಂದ ಕೆಳಕ್ಕೆ ಬಾಗುತ್ತದೆ. ಗಾಳಿಗೆ ಎದುರು ಹೋಗುವ ಸದ್ದು ಮೇಲಕ್ಕೆ. ಗಾಳಿಯ ಈ ಕಾರಣ ಹೇಳಿದ್ದು ಸ್ಟೋಕ್ಸ್, 1857ರಲ್ಲಿ. ಬಿಸಿ ತಂಪಿನ ಕತೆಯನ್ನು 1870ರ ದಶಕದಲ್ಲಿ ಆಸ್ಬೋರ್ನ್ ರೇನಾಲ್ಡ್ಸ್ ಬಿಡಿಸಿಟ್ಟರು. ನಿಮ್ಮ ಮನೆಗೆ ರಾತ್ರಿ ಎರಡೂ ಕೂಡಿಬರುತ್ತವೆ, ಹಗಲು ಎರಡೂ ಕೈ ಕೊಡುತ್ತವೆ. ಅದಕ್ಕೇ ಇಷ್ಟು ಸ್ಪಷ್ಟ ವ್ಯತ್ಯಾಸ.

ಪಿಯುಸಿ ಪೋರ

ಸರ್, ಒಂದು ಡೌಟ್. ತಂಪುಗಾಳಿ ದಟ್ಟ ಅಲ್ವಾ? ದಟ್ಟ ವಸ್ತುವಿನಲ್ಲಿ ಸದ್ದು ಬೇಗ ಹೋಗುತ್ತದೆ ಎಂದು ಕಲಿತಿದ್ದೇವೆ. ನೀರಿನಲ್ಲಿ ಗಾಳಿಗಿಂತ ಬೇಗ, ಕಬ್ಬಿಣದಲ್ಲಿ ಇನ್ನೂ ಬೇಗ. ಹಾಗಾದರೆ ತಂಪುಗಾಳಿಯಲ್ಲೂ ಬೇಗ ಹೋಗಬೇಕಲ್ಲ?

ನಿವೃತ್ತ ಮಾಸ್ತರ

ತಮಾ, ಈ ಪ್ರಶ್ನೆಯನ್ನು ನನ್ನ ಇಡೀ ನೌಕರಿಯಲ್ಲಿ ಹತ್ತು ಹುಡುಗರೂ ಕೇಳಿರಲಿಕ್ಕಿಲ್ಲ. ಉಳಿದವರು ತಪ್ಪನ್ನೇ ಬಾಯಿಪಾಠ ಮಾಡಿ ಮಾರ್ಕ್ಸ್ ತೆಗೆದುಕೊಂಡು ಹೋದರು.

ದಟ್ಟ ಆದರೆ ಸದ್ದು ಬೇಗ ಅನ್ನುವುದು ತಪ್ಪು ಪಾಠ. ದಟ್ಟ ಆದಷ್ಟೂ ಅದನ್ನು ಅಲ್ಲಾಡಿಸುವುದು ಕಷ್ಟ, ಆದ್ದರಿಂದ ನಿಧಾನವೇ. ಬೇಗ ಮಾಡುವುದು ಬಿಗಿತ. ಒತ್ತಿದರೆ ಎಷ್ಟು ಜೋರಾಗಿ ವಾಪಸ್ ಒತ್ತುತ್ತದೆ ಅನ್ನುವುದು. ಕಬ್ಬಿಣ ಗಾಳಿಗಿಂತ ಸಾವಿರಾರು ಪಟ್ಟು ಭಾರ, ಹೌದು. ಆದರೆ ಅದರ ಬಿಗಿತ ಲಕ್ಷಗಟ್ಟಲೆ ಪಟ್ಟು ಜಾಸ್ತಿ. ಬಿಗಿತ ಗೆಲ್ಲುತ್ತದೆ. ಅಲ್ಲಿ ಸೆಕೆಂಡಿಗೆ 5000 ಮೀಟರ್ ದಾಟುತ್ತದೆ. ಕಡಲ ನೀರಿನಲ್ಲಿ ಸುಮಾರು 1500.

ತಂಪುಗಾಳಿಯ ವಿಷಯದಲ್ಲಿ ಮೇಲಿನ ಗಾಳಿಗೂ ಬುಡದ ಗಾಳಿಗೂ ಒತ್ತಡ ಹೆಚ್ಚುಕಡಿಮೆ ಒಂದೇ. ಒತ್ತಡ ಒಂದೇ ಇದ್ದರೆ ಬಿಗಿತವೂ ಒಂದೇ. ಭಾರ ಮಾತ್ರ ಜಾಸ್ತಿ ಆಗಿದೆ. ಆದ್ದರಿಂದ ನಿಧಾನ. ಪರೀಕ್ಷೆಯಲ್ಲಿ ಹೇಗೆ ಬರೆಯುತ್ತೀ ಎನ್ನುವುದು ನಿನಗೆ ಬಿಟ್ಟದ್ದು.

ಪಿಯುಸಿ ಪೋರ

ಸರಿಯಾದದ್ದೇ ಬರೆಯುತ್ತೇನೆ ಸರ್. ಮಾರ್ಕ್ಸ್ ಹೋದರೆ ನಿಮ್ಮ ಹೆಸರು ಹೇಳುತ್ತೇನೆ 😄

ತಾಂಡೇಲರ ಮಗಳು (ಬೈತಖೋಲ)

ಮಾಸ್ತರ್ರೇ, ನಿಮ್ಮ ಎತ್ತಿನಗಾಡಿ ಓದಿ ನನ್ನ ಹಳೆಯ ಪ್ರಶ್ನೆಯೊಂದು ಎದ್ದು ಕುಳಿತಿದೆ.

ಕಾರವಾರದ ಟಾಗೋರ್ ಬೀಚಿನಲ್ಲಿ ನಿಂತರೆ ತೆರೆ ನೇರ ನಮ್ಮ ಮುಖಕ್ಕೆ ಬರುತ್ತದೆ. ಗುಡ್ಡ ಸುತ್ತಿ ಬೇರೆ ಕಡೆ ಮುಖ ಮಾಡಿದ ದಂಡೆಗೆ ಹೋಗಿ ನಿಂತರೂ ನೇರ ಮುಖಕ್ಕೇ. ಗೋಕರ್ಣದ ಓಂ ಬೀಚು ನೋಡಿ, ಎರಡು ಬಿಲ್ಲು ಸೇರಿಸಿದ ಹಾಗೆ ಇದೆ. ಬಿಲ್ಲಿನ ಯಾವ ಮೂಲೆಯಲ್ಲಿ ನಿಂತರೂ ತೆರೆ ದಂಡೆಗೆ ಸಮನಾಗಿಯೇ ಬಂದು ಬೀಳುತ್ತದೆ. ಗಾಳಿ ಮಾತ್ರ ಒಂದೇ ದಿಕ್ಕಿನಿಂದ. ನಾವು ಎಲ್ಲಿ ನಿಂತಿದ್ದೇವೆ ಎಂದು ಕಡಲಿಗೆ ಹೇಗೆ ಗೊತ್ತಾಗುತ್ತದೆ ಎಂದು ಸಣ್ಣವಳಿದ್ದಾಗ ಅಪ್ಪನನ್ನು ಕೇಳಿದ್ದೆ. ಅಪ್ಪ ನಕ್ಕು, 'ಅದಕ್ಕೆ ದಡ ಅಂದರೆ ಆಸೆ' ಅಂದಿದ್ದರು.

ಈಗ ಅನ್ನಿಸುತ್ತಿದೆ. ಆಳ ಕಡಿಮೆ ಆದಲ್ಲಿ ತೆರೆ ನಿಧಾನ ಆಗುತ್ತದೆಯಾ? ಹಾಗಿದ್ದರೆ ದಡದ ಹತ್ತಿರದ ತುದಿಯೇ ನಿಧಾನದ ಎತ್ತು. ಆ ಕಡೆಗೆ ತಿರುಗುತ್ತದೆ. ಸರಿಯಾ?

ನಿವೃತ್ತ ಮಾಸ್ತರ

ಪೂರ್ತಿ ಸರಿ. ನನಗೆ ಹೇಳಲು ಏನೂ ಉಳಿಸಿಲ್ಲ, ಅಂಕಿ ಮಾತ್ರ ಸೇರಿಸುತ್ತೇನೆ.

ಆಳ ಕಡಲಿನಲ್ಲಿ 10 ಸೆಕೆಂಡಿಗೊಂದು ಬರುವ ದೊಡ್ಡ ತೆರೆ ಇದೆ ಅಂದುಕೊಳ್ಳಿ. ಒಂದು ತಲೆಯಿಂದ ಇನ್ನೊಂದು ತಲೆಗೆ 156 ಮೀಟರ್, ವೇಗ ಸೆಕೆಂಡಿಗೆ 15.6 ಮೀಟರ್. ಆಳ ಆ ಉದ್ದದ ಅರ್ಧಕ್ಕಿಂತ ಕಡಿಮೆ ಆದಾಗ, ಅಂದರೆ 78 ಮೀಟರ್ ಹತ್ತಿರ, ತೆರೆಗೆ ತಳ ತಾಗಲು ಶುರುವಾಗುತ್ತದೆ. 5 ಮೀಟರ್ ಆಳದಲ್ಲಿ ವೇಗ 7ಕ್ಕೆ ಇಳಿದಿರುತ್ತದೆ. 2 ಮೀಟರಿನಲ್ಲಿ 4.4. ಸದ್ದಿನಲ್ಲಿ ನೂರಕ್ಕೆ ಒಂದರ ವ್ಯತ್ಯಾಸಕ್ಕೆ ಅಷ್ಟೊಂದು ಆಯಿತು. ಇಲ್ಲಿ ವೇಗ ಕಾಲು ಭಾಗಕ್ಕೆ ಬರುತ್ತದೆ. ಓರೆಯಾಗಿ ಬಂದ ತೆರೆ ದಡ ಮುಟ್ಟುವಷ್ಟರಲ್ಲಿ ಸಮನಾಗುವುದು ಇದರಿಂದಲೇ.

ಚಾಚಿಕೊಂಡ ಗುಡ್ಡದ ಮೂತಿಗೆ ಎರಡೂ ಕಡೆಯಿಂದ ತೆರೆ ತಿರುಗಿ ಬಂದು ಹೊಡೆಯುತ್ತದೆ, ಕೊಲ್ಲಿಯೊಳಗೆ ಹರಡಿ ಸಪ್ಪೆಯಾಗುತ್ತದೆ. ಬಂದರುಗಳನ್ನು ಕೊಲ್ಲಿಯೊಳಗೆ ಕಟ್ಟಿದ್ದಕ್ಕೆ ಇದೂ ಒಂದು ಕಾರಣ.

ತಾಂಡೇಲರ ಮಗಳು

ಅಳಿವೆ ದಾಟುವವರಿಗೆ ಇದು ಪಾಠವೇ ಬೇಡ. ನದಿ ಬಾಯಲ್ಲಿ ಮರಳದಿನ್ನೆ ಪ್ರತಿ ಮಳೆಗಾಲ ಜಾಗ ಬದಲಿಸುತ್ತದೆ. ನೀರೊಳಗಿನ ದಿನ್ನೆ ಕಣ್ಣಿಗೆ ಕಾಣುವುದಿಲ್ಲ. ಅಪ್ಪ ಬೋಟು ನಿಧಾನ ಮಾಡಿ, ಐದಾರು ತೆರೆ ಹೋಗಲು ಬಿಟ್ಟು, ತೆರೆಯ ಗೆರೆ ಎಲ್ಲಿ ಸೊಟ್ಟ ಆಗುತ್ತದೆ, ಎಲ್ಲಿ ಬಿಳಿ ಒಡೆಯುತ್ತದೆ ಎಂದು ನೋಡುತ್ತಿದ್ದರು. ಸೊಟ್ಟ ಆದಲ್ಲಿ ಆಳ ಕಡಿಮೆ. ನೆಟ್ಟಗೆ ಬಂದಲ್ಲಿ ದಾರಿ. ಒಮ್ಮೆ ನಾನು ಜೊತೆಗಿದ್ದೆ. 'ಒಂದು, ಎರಡು...' ಎಂದು ಎಣಿಸುತ್ತಾ ಇದ್ದವರು ಸಡನ್ನಾಗಿ ಸುಕಾನು ಎಡಕ್ಕೆ ಎಳೆದರು. ಬಲಗಡೆ ಹತ್ತು ಮಾರು ಆಚೆ ನೀರು ಗೋಡೆಯ ಹಾಗೆ ಎದ್ದು ಒಡೆಯಿತು. ಅಪ್ಪ ಏನೂ ಆಗದವರ ಹಾಗೆ ಬೀಡಿ ಹಚ್ಚಿದರು.

ನಿವೃತ್ತ ಮಾಸ್ತರ

ತೆರೆಯ ಎತ್ತರಕ್ಕಿಂತ ಆಳ ಸ್ವಲ್ಪವೇ ಜಾಸ್ತಿ, ಒಂದೂಕಾಲು ಪಟ್ಟು ಆಸುಪಾಸು ಆದಾಗ ತೆರೆ ಒಡೆಯುತ್ತದೆ. 2 ಮೀಟರ್ ತೆರೆ ಒಡೆದರೆ ಅಲ್ಲಿ ಆಳ ಎರಡೂವರೆ ಮೀಟರ್ ಎಂದು ಓದಿಕೊಳ್ಳಬಹುದು. ನಿಮ್ಮ ಅಪ್ಪ ಓದುತ್ತಿದ್ದುದು ಅದನ್ನೇ.

ಶಿರಸಿ ಕಡೆಯವ

ಕಡಲಿನ ಮಾತು ಬಂದರೆ ನಮ್ಮಂಥ ಘಟ್ಟದ ಮೇಲಿನವರಿಗೆ ಜಾಗ ಇಲ್ಲ. ಆದರೂ ಹೇಳುತ್ತೇನೆ. ನಮ್ಮ ಅಡಿಕೆ ತೋಟ ಕಣಿವೆಯ ತಳದಲ್ಲಿದೆ, ಮನೆ ಮೇಲೆ ದಿಬ್ಬದಲ್ಲಿ. ಚಳಿಗಾಲದ ಬೆಳಿಗ್ಗೆ ತೋಟದಲ್ಲಿ ನಿಂತರೆ ಆಚೆ ಊರಿನ ದೇವಸ್ಥಾನದ ಗಂಟೆ ಕೇಳುತ್ತದೆ. ಒಂಬತ್ತು ಗಂಟೆಗೆ ಬಿಸಿಲು ಬಿತ್ತೋ, ನಿಂತುಹೋಗುತ್ತದೆ. ಪೂಜೆ ಮುಗಿಯಿತು ಅಂದುಕೊಳ್ಳುತ್ತಿದ್ದೆವು. ತಂಪುಗಾಳಿ ಭಾರ ಅಂದಿರಲ್ಲ, ರಾತ್ರಿ ಅದು ಇಳಿದು ಕಣಿವೆಯಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಮಂಜೂ ಅಲ್ಲೇ ಕೂರುತ್ತದೆ. ನಾನು ಸೋತೆ ಮಾಸ್ತರ್ರೇ. ಊರು ಮಲಗಿದ್ದರಿಂದ ಅನ್ನುವ ಮಾತನ್ನು ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ.

ನಿವೃತ್ತ ಮಾಸ್ತರ

ಅರ್ಧ ಇಟ್ಟುಕೊಳ್ಳಿ, ಅದು ನ್ಯಾಯವೇ. ಗಲಾಟೆ ಇಲ್ಲದಿದ್ದರೆ ಬಂದ ಸಣ್ಣ ಸದ್ದೂ ಕಿವಿಗೆ ಬೀಳುತ್ತದೆ.

ಚಂಡೆ ಹುಚ್ಚ (ಹೊನ್ನಾವರ)

ತಡವಾಗಿ ಬಂದೆ. ನಮ್ಮಲ್ಲಿ ಯಕ್ಷಗಾನದ ಆಟ ಇದ್ದ ರಾತ್ರಿ ಎರಡು ಮೂರು ಊರಾಚೆಗೂ ಚಂಡೆ ಕೇಳುತ್ತದೆ. ಆದರೆ ಭಾಗವತರ ಪದ್ಯದ ಒಂದು ಅಕ್ಷರವೂ ತಿಳಿಯುವುದಿಲ್ಲ. 'ಆಆಆ' ಮಾತ್ರ. ಮೈಕ್ ಇಬ್ಬರಿಗೂ ಒಂದೇ. ಯಾಕೆ?

ಇನ್ನೊಂದು. ಶರಾವತಿ ಸೇತುವೆಯ ಹತ್ತಿರ ನಿಂತರೆ ರೈಲು ಎದುರು ಬರುವಾಗ ಹಾರ್ನಿನ ಶ್ರುತಿ ಏರಿರುತ್ತದೆ, ದಾಟಿದ ತಕ್ಷಣ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂದು ಹಾರ್ಮೋನಿಯಂನಲ್ಲಿ ಹುಡುಕಲು ಹೋಗಿ ಮನೆಯವರಿಂದ ಬೈಸಿಕೊಂಡಿದ್ದೇನೆ.

ನಿವೃತ್ತ ಮಾಸ್ತರ

ಮೊದಲನೆಯದು: ಗಾಳಿ ಎಲ್ಲ ಸದ್ದನ್ನೂ ಒಂದೇ ಸಮ ನುಂಗುವುದಿಲ್ಲ. ಚೂಪು ಸದ್ದನ್ನು ಜಾಸ್ತಿ ನುಂಗುತ್ತದೆ, ದಪ್ಪ ಸದ್ದನ್ನು ಕಡಿಮೆ. ಮಾತಿನಲ್ಲಿ ಅರ್ಥ ಹೊರುವುದು ಕ, ಚ, ತ, ಸ, ಶ ಅನ್ನುವ ವ್ಯಂಜನಗಳು. ಅವೆಲ್ಲ ಚೂಪು. ದಾರಿಯಲ್ಲೇ ಸವೆದುಹೋಗುತ್ತವೆ. ಸ್ವರ ಮಾತ್ರ ಉಳಿಯುತ್ತದೆ. ಅದಕ್ಕೇ ನಿಮಗೆ 'ಆಆಆ'. ಚಂಡೆಗೆ ಅಕ್ಷರ ಇಲ್ಲ, ಹೊಡೆತದ ಲಯ ತಿಳಿದರೆ ಸಾಕು. ಹತ್ತಿರ ಬಿದ್ದ ಸಿಡಿಲು 'ಚಟ್' ಅನ್ನುತ್ತದೆ, ದೂರದ್ದು 'ಗುಡುಗುಡು' ಅನ್ನುವುದಕ್ಕೂ ಇದು ಒಂದು ಕಾರಣ.

ಎರಡನೆಯದು: ರೈಲು ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ 25 ಮೀಟರ್. ಸದ್ದಿನ ವೇಗ 345 ಎಂದಿಟ್ಟುಕೊಂಡರೆ, ಬರುವಾಗಿನ ಶ್ರುತಿ ಹೋಗುವಾಗಿನದಕ್ಕಿಂತ 370 ಭಾಗ 320 ಪಟ್ಟು. ಅಂದರೆ 1.156. ಹಿಂದೂಸ್ತಾನಿ ಲೆಕ್ಕದಲ್ಲಿ ಷಡ್ಜ ಮತ್ತು ಶುದ್ಧ ರಿಷಭದ ನಡುವೆ 1.125. ಕೋಮಲ ಗಾಂಧಾರಕ್ಕೆ 1.2. ನಿಮ್ಮ ಹಾರ್ನ್ ಅವೆರಡರ ನಡುವಿನಿಂದ ಸಾ ಮೇಲೆ ಬಿದ್ದಿದೆ. ಹಾರ್ಮೋನಿಯಂನಲ್ಲಿ ಆ ಮನೆ ಇಲ್ಲ, ಹುಡುಕಿದರೆ ಸಿಗುವುದಿಲ್ಲ.

ಚಂಡೆ ಹುಚ್ಚ

ಇದಕ್ಕಾಗಿ ನಾನು ಬೈಸಿಕೊಂಡದ್ದು! ಮದ್ದಳೆಯ ನಡುವೆ ಹಚ್ಚುವ ಕಪ್ಪು ಕರಣೆಗೂ ಇದಕ್ಕೂ ಸಂಬಂಧ ಇದೆಯಾ? ಸಿ.ವಿ. ರಾಮನ್ ಏನೋ ಬರೆದಿದ್ದಾರೆ ಎಂದು ಕೇಳಿದ್ದೇನೆ.

ನಿವೃತ್ತ ಮಾಸ್ತರ

ಅದು ಬೇರೆ ಗಾಡಿ, ಬೇರೆ ಎತ್ತು. ಸುಮ್ನೆ ಒಂದು ಮಾತು ಹೇಳಿ ಬಿಡುತ್ತೇನೆ. ಬರೀ ತೊಗಲು ಬಿಗಿದು ಹೊಡೆದರೆ ಹುಟ್ಟುವ ಮೇಲಿನ ಸ್ವರಗಳು ಮೂಲಕ್ಕೆ 1.59, 2.14, 2.30 ಪಟ್ಟು ಹೀಗೆ ಸೊಟ್ಟಸೊಟ್ಟ ಇರುತ್ತವೆ. ಅದಕ್ಕೇ ಬರೀ ತೊಗಲು 'ಧಡ್' ಅನ್ನುತ್ತದೆ, ಸ್ವರ ಕೊಡುವುದಿಲ್ಲ. ನಡುವೆ ಕರಣೆಯ ಭಾರ ಕೂತರೆ ಅವು 2, 3, 4, 5 ಪಟ್ಟಿಗೆ ಬಂದು ನಿಲ್ಲುತ್ತವೆ, ತಂತಿಯ ಹಾಗೆ. ಮೃದಂಗ ತಬಲಾಗಳಲ್ಲಿ ಇದನ್ನು ರಾಮನ್ 1920ರಲ್ಲೇ ತೋರಿಸಿದರು, ನೊಬೆಲ್ ಬರುವುದಕ್ಕೆ ಹತ್ತು ವರ್ಷ ಮೊದಲು. ಕರಣೆ ಮೆತ್ತುವವರು ಅನ್ನ ಅರೆದು ಕೈಯಿಂದಲೇ ಅದನ್ನು ಕಂಡುಕೊಂಡಿದ್ದರು. ಮುಂದಿನದಕ್ಕೆ ಹೊಸ ಚರ್ಚೆ ತೆರೆಯಿರಿ, ಬರುತ್ತೇನೆ.

ಅಂಕೋಲೆಯವ, ಈಗ ಬೆಂಗಳೂರು

ಗುಡುಗು ಅಂದಾಗ ನೆನಪಾಯಿತು. ಏಪ್ರಿಲ್ ಮೇ ಸಂಜೆ ಅಂಕೋಲೆ ದಂಡೆಯಲ್ಲಿ ಕುಳಿತರೆ ಪೂರ್ವಕ್ಕೆ ಘಟ್ಟದ ಮೇಲೆ ಮಿಂಚು ಪಳಪಳ ಹೊಡೆಯುತ್ತದೆ, ಸದ್ದೇ ಇಲ್ಲ. ಅದು ಬಿಸಿಲಿಗೆ ಬರುವ ಮಿಂಚು, ಗುಡುಗಿಲ್ಲದ್ದು ಎಂದು ಅಜ್ಜಿ ಹೇಳುತ್ತಿದ್ದಳು. ಇದೂ ಎತ್ತಿನ ಕೆಲಸವಾ?

ಪಿಯುಸಿ ಪೋರ

ನಾನು ಹೇಳಲಾ ಸರ್? ಸಂಜೆ ನೆಲ ಇನ್ನೂ ಬಿಸಿ. ಮೇಲೆ ಹೋದಷ್ಟೂ ತಂಪು, ಕಿಲೋಮೀಟರಿಗೆ ಆರೂವರೆ ಡಿಗ್ರಿ. ನಿಧಾನದ ಎತ್ತು ಮೇಲೆ. ಗುಡುಗು ಮೇಲಕ್ಕೆ ಬಾಗಿ ತಲೆಯ ಮೇಲಿಂದ ಹೋಗುತ್ತದೆ. ಗುಡುಗು ಇದೆ, ನಮಗೆ ಬರುವುದಿಲ್ಲ ಅಷ್ಟೇ.

ನಿವೃತ್ತ ಮಾಸ್ತರ

ಶಭಾಷ್. 15 ಕಿಲೋಮೀಟರಿಗಿಂತ ದೂರದ ಗುಡುಗು ಸಾಮಾನ್ಯವಾಗಿ ಕೇಳುವುದಿಲ್ಲ. ಬೆಳಕಿಗೆ ಈ ಕಷ್ಟ ಇಲ್ಲ, ಎತ್ತರದ ಮೋಡದ ಮಿಂಚು ನೂರು ಕಿಲೋಮೀಟರ್ ಆಚೆಯಿಂದಲೂ ಕಾಣುತ್ತದೆ.

ತಾಂಡೇಲರ ಮಗಳು

ಬೆಳಕಿನ ಎತ್ತು ಎಲ್ಲಿ ಮಾಸ್ತರ್ರೇ?

ನಿವೃತ್ತ ಮಾಸ್ತರ

ಬೆಳಕಿಗೆ ಬಿಗಿತದ ತಂಟೆ ಇಲ್ಲ. ಗಾಳಿ ದಟ್ಟ ಇದ್ದಲ್ಲಿ ನಿಧಾನ, ತೆಳು ಇದ್ದಲ್ಲಿ ಬೇಗ. ಕೆಳಗೆ ದಟ್ಟ, ಮೇಲೆ ತೆಳು. ಆದ್ದರಿಂದ ನಿಧಾನದ ಎತ್ತು ಬಹುತೇಕ ಯಾವಾಗಲೂ ಕೆಳಗೇ.

ಇದರ ಫಲ ನಿಮ್ಮ ಬೀಚಿನಲ್ಲೇ ದಿನಾ ಸಂಜೆ ಕಾಣುತ್ತದೆ. ಸೂರ್ಯನ ಕೆಳ ಅಂಚು ನೀರು ಮುಟ್ಟಿದ ಆ ಕ್ಷಣ, ಎಲ್ಲರೂ ಫೋನ್ ಎತ್ತುವ ಕ್ಷಣ, ನಿಜವಾದ ಸೂರ್ಯ ಪೂರ್ತಿ ಮುಳುಗಿಯಾಗಿದೆ. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು 32 ಕಲೆ (ಒಂದು ಡಿಗ್ರಿಗೆ 60 ಕಲೆ), ಅಂದರೆ ಅರ್ಧ ಡಿಗ್ರಿಗೆ ಸ್ವಲ್ಪ ಜಾಸ್ತಿ. ದಿಗಂತದಲ್ಲಿ ಬೆಳಕು ಬಾಗಿ ಅವನನ್ನು ಎತ್ತಿ ತೋರಿಸುವುದು ಸುಮಾರು 34 ಕಲೆ. ಎತ್ತಿದ್ದೇ ಅಗಲಕ್ಕಿಂತ ಜಾಸ್ತಿ ಆಯಿತಲ್ಲ. ನಾವು ಫೋಟೋ ತೆಗೆಯುತ್ತಿರುವುದು ಕಡಲ ಗೆರೆಯ ಕೆಳಗಿರುವ ಸೂರ್ಯನನ್ನು. ಬೆಳಿಗ್ಗೆಯೂ ಹೀಗೇ. ಹಗಲು ಎರಡೂ ತುದಿಯಲ್ಲಿ ಎರಡೆರಡು ನಿಮಿಷ ಉದ್ದವಾಗಿದೆ.

ಕೆಳ ಅಂಚು ಮೇಲಂಚಿಗಿಂತ ಜಾಸ್ತಿ ಎತ್ತಲ್ಪಡುವುದರಿಂದ ಸೂರ್ಯ ಒತ್ತಿದ ಇಡ್ಲಿಯ ಹಾಗೆ ಚಪ್ಪಟೆ ಕಾಣುತ್ತಾನೆ. ಇವತ್ತು ಸಂಜೆ ನೋಡಿ. ಬಣ್ಣ ಕೆಂಪಾಗಿ ಕಣ್ಣಿಗೆ ಹಿತ ಆಗುವವರೆಗೆ ಕಾಯಿರಿ, ಅದಕ್ಕೂ ಮೊದಲು ದಿಟ್ಟಿಸಬೇಡಿ.

ಮಧ್ಯಾಹ್ನದ ಕಾದ ಡಾಂಬರು ರಸ್ತೆಯ ಮೇಲೆ ಮಾತ್ರ ಎತ್ತು ಅದಲುಬದಲು. ರಸ್ತೆಗೆ ತಾಗಿದ ಗಾಳಿ ಬಿಸಿಯಾಗಿ ತೆಳುವಾಗುತ್ತದೆ. ಆಕಾಶದಿಂದ ಇಳಿಯುತ್ತಿದ್ದ ಬೆಳಕು ಮೇಲಕ್ಕೆ ತಿರುಗಿ ಕಣ್ಣಿಗೆ ಬರುತ್ತದೆ. ಹೆದ್ದಾರಿಯಲ್ಲಿ ದೂರಕ್ಕೆ ನೀರು ನಿಂತ ಹಾಗೆ ಕಾಣುವುದು ಆ ಆಕಾಶದ ತುಂಡು.

ಪಿಯುಸಿ ಪೋರ

ಅಂದರೆ ಹಗಲು ಕಾದ ನೆಲದ ಮೇಲೆ ಸದ್ದೂ ಬೆಳಕೂ ಎರಡೂ ಮೇಲಕ್ಕೆ ಬಾಗುತ್ತವೆ. ಬಿಸಿಗಾಳಿಯಲ್ಲಿ ಎರಡೂ ಚುರುಕು. ಕಾರಣ ಮಾತ್ರ ಬೇರೆ. ಬರೆದಿಟ್ಟುಕೊಂಡೆ.

ತಾಂಡೇಲರ ಮಗಳು

ನಮ್ಮ ಬೋಟಿನ ಫಿಶ್ ಫೈಂಡರಿಗೂ ಇದು ಅನ್ವಯ ಆಗುತ್ತದೆಯಾ? ಅಣ್ಣ ಅದನ್ನು ದೇವರ ಹಾಗೆ ನಂಬುತ್ತಾನೆ.

ನಿವೃತ್ತ ಮಾಸ್ತರ

ನೆಟ್ಟಗೆ ಕೆಳಕ್ಕೆ ಬಿಡುವುದರಿಂದ ಬಾಗುವ ತೊಂದರೆ ಕಡಿಮೆ. 30 ಮೀಟರ್ ಆಳದ ತಳಕ್ಕೆ ಹೋಗಿ ಬರಲು 0.04 ಸೆಕೆಂಡ್. ಬಹಳ ಮೀನುಗಳ ಹೊಟ್ಟೆಯೊಳಗೆ ಗಾಳಿಯ ಚೀಲ ಇರುತ್ತದೆ. ನೀರಿನ ನಡುವೆ ಗಾಳಿ ಸಿಕ್ಕರೆ ಸದ್ದು ಜೋರಾಗಿ ವಾಪಸ್ ಬರುತ್ತದೆ. ಪರದೆಯ ಮೇಲೆ ಕಾಣುವುದು ಹೆಚ್ಚಾಗಿ ಆ ಗಾಳಿಯೇ. ಅಡ್ಡಡ್ಡ ಹುಡುಕುವಾಗ ಮಾತ್ರ ಬಾಗು ಕಾಡುತ್ತದೆ. ಮೇಲಿನ ನೀರು ಬೆಚ್ಚಗೆ, ಕೆಳಗಿನದು ತಂಪು, ಸದ್ದು ಕೆಳಕ್ಕೆ ಬಾಗಿ ಒಂದಷ್ಟು ಜಾಗ ನೆರಳಾಗಿ ಉಳಿಯುತ್ತದೆ. ಜಲಾಂತರ್ಗಾಮಿಗಳು ಅಡಗುವುದು ಅಂಥ ನೆರಳಲ್ಲಿ.

ಅಂಕೋಲೆಯವ, ಈಗ ಬೆಂಗಳೂರು

ಕೊನೆಯ ಪ್ರಶ್ನೆ. ಊರಲ್ಲಿ ಅಜ್ಜನ ರೇಡಿಯೋಕ್ಕೆ ರಾತ್ರಿ ಎಲ್ಲೆಲ್ಲಿಯ ಸ್ಟೇಷನ್ನೋ ಬರುತ್ತಿದ್ದವು. ಅದೂ ಇದೇನಾ?

ನಿವೃತ್ತ ಮಾಸ್ತರ

ಅಲ್ಲ. ಅದು ನೂರು ಕಿಲೋಮೀಟರ್ ಮೇಲಿನ ಕತೆ. ಹಗಲು ಬಿಸಿಲಿಗೆ ಹುಟ್ಟುವ ಒಂದು ಪದರ ಮಧ್ಯಮ ತರಂಗವನ್ನು ನುಂಗಿಬಿಡುತ್ತದೆ. ರಾತ್ರಿ ಆ ಪದರ ಇರುವುದಿಲ್ಲ, ತರಂಗ ಇನ್ನೂ ಮೇಲಿನ ಪದರಕ್ಕೆ ಹೋಗಿ ವಾಪಸ್ ಇಳಿಯುತ್ತದೆ. ಇನ್ನು ಧಾರವಾಡ ಆಕಾಶವಾಣಿ ಹಗಲಲ್ಲೂ ಘಟ್ಟ ಇಳಿದು ಬರುತ್ತಿತ್ತು ಅಂದರೆ, ಅದರ 765 ಕಿಲೋಹರ್ಟ್ಸ್ ಅಲೆ 392 ಮೀಟರ್ ಉದ್ದ. ಅಷ್ಟು ಉದ್ದದ ಅಲೆ ನೆಲಕ್ಕೆ ಅಂಟಿಕೊಂಡು ಗುಡ್ಡವನ್ನು ಬಳಸಿ ಬರುತ್ತದೆ. ಎಫ್ಎಂ ಅಲೆ ಬರೀ ಮೂರು ಮೀಟರ್, ಗುಡ್ಡದ ಹಿಂದೆ ಸತ್ತುಹೋಗುತ್ತದೆ.

ಕಡಲಂಚಿನ ಮನೆಯವರೇ, ಪ್ರಶ್ನೆ ಕೇಳಿ ಎಲ್ಲಿ ಹೋದಿರಿ? ನಿಮಗೊಂದು ಕೆಲಸ. ಎರಡು ಥರ್ಮಾಮೀಟರ್ ತನ್ನಿ. ಒಂದು ಅಂಗಳದಲ್ಲಿ ಮೊಣಕಾಲೆತ್ತರಕ್ಕೆ, ಇನ್ನೊಂದು ಆದಷ್ಟು ಮೇಲೆ. ರೈಲು ಬರುವ ಹೊತ್ತಿಗೆ ಎರಡನ್ನೂ ಓದಿ, ಕೇಳಿತೋ ಇಲ್ಲವೋ ಬರೆದಿಡಿ.

ಕಡಲಂಚಿನ ಮನೆ

ಇಲ್ಲೇ ಇದ್ದೆ, ಥರ್ಮಾಮೀಟರ್ ತರಲು ಕುಮಟೆಗೆ ಹೋಗಿದ್ದೆ. ಒಂದನ್ನು ತುಳಸಿಕಟ್ಟೆಗೆ ಕಟ್ಟಿದೆ. ಇನ್ನೊಂದನ್ನು ತೆಂಗಿನಕಾಯಿ ಕೊಯ್ಯಲು ಬಂದವರ ಕೈಯಲ್ಲಿ ಮರದ ತಲೆಗೆ ಕಟ್ಟಿಸಿದೆ, ವೈರ್ ಇಳಿಬಿಟ್ಟು ಕೆಳಗಿನಿಂದಲೇ ಓದುವಂಥದ್ದು. ಯಾಕೆ ಎಂದು ಅವರು ಕೇಳಿದರು. ರೈಲು ಕೇಳಲಿಕ್ಕೆ ಅಂದೆ. ಮತ್ತೆ ಮಾತಾಡಲಿಲ್ಲ.

ಮೂರು ರಾತ್ರಿಯ ವರದಿ:

ಮೊದಲ ರಾತ್ರಿ, ಆಕಾಶ ತಿಳಿ. ಕಟ್ಟೆ 19.0, ಮರ 21.2. ಹಾರ್ನ್ ಸ್ಪಷ್ಟ, ಗಾಲಿಯ ಸದ್ದೂ ಬಂತು. ಬೆಳಿಗ್ಗೆ ಸೌತೆ ಬಳ್ಳಿ ಪೂರ್ತಿ ಒದ್ದೆ.

ಎರಡನೇ ರಾತ್ರಿ, ಮೋಡ. ಕಟ್ಟೆ 22.6, ಮರ 22.5. ಮೂರು ಗಂಟೆವರೆಗೆ ಜಗಲಿಯಲ್ಲಿ ಕೂತೆ. ಕಡಲು ಬಿಟ್ಟರೆ ಏನೂ ಇಲ್ಲ.

ಮೂರನೇ ರಾತ್ರಿ ಮತ್ತೆ ತಿಳಿ. ಒಂದೂವರೆಗೆ ಕಟ್ಟೆ 18.4, ಮರ 21.0. ಮೊದಲ ರಾತ್ರಿಗಿಂತ ಚೆನ್ನಾಗಿ ಕೇಳಬೇಕಿತ್ತು. ಏನೂ ಕೇಳಲಿಲ್ಲ. ಸಿದ್ಧಾಂತ ಕೈ ಕೊಟ್ಟಿತು ಎಂದು ಬೆಳಿಗ್ಗೆ ಇಲ್ಲಿ ಬರೆಯಲು ಕೂತಿದ್ದೆ. ಆಯಿ ಚಹಾ ತಂದಿಟ್ಟು ಕೇಳಿದಳು: 'ರಾತ್ರಿ ಗಾಡಿ ಅಷ್ಟು ಕೂಗಿದರೂ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದೆಯಲ್ಲೋ, ಒಳಗೆ ಬಂದು ಮಲಗಲಿಕ್ಕೆ ಏನಾಗಿತ್ತು?'

ನಿವೃತ್ತ ಮಾಸ್ತರ

'ಕೇಳಿತು' ಎಂದೇ ಬರೆದುಕೊಳ್ಳಿ. ಕೇಳಿದವರು: ಆಯಿ.